ಗಾಜಿನ ಎಳೆಗೆ ಹಾಕಿದ ಗಂಟು

ದಾವಣಗೆರೆಯ ಬಟ್ಟೆ ಮಿಲ್ಲಿನಲ್ಲಿ ನನ್ನ ಜೊತೆಗಿದ್ದ ಗೆಳೆಯ, ಅದು ಮುಚ್ಚಿದ ಮೇಲೆ ಹರಿಹರದ ಕಾರ್ಖಾನೆಯಲ್ಲೂ ನನ್ನ ಪಕ್ಕದಲ್ಲೇ ನಿಂತ. ಗಾಜಿನ ಎಳೆಗಳನ್ನು ಕರಗಿದ ಪ್ಲಾಸ್ಟಿಕ್ಕಿನಲ್ಲಿ ಅದ್ದಿ, ಸಣ್ಣ ಸೀಳಿನಿಂದ ಗಟ್ಟಿ ಪಟ್ಟಿಯಾಗಿ ಎಳೆಯುವ ಯಂತ್ರ ಅವನದು. ಎಳೆಯ ಉಂಡೆಗಳನ್ನು ಜೋಡಿಸುವುದು ನನ್ನ ಕೆಲಸ. ಬಿಗಿ ಸರಿಯಿದೆಯೇ ಎಂದು ಅವನು ಓಡುವ ಎಳೆಗಳಿಗೆ ಬೆರಳ ಹಿಂಬದಿ ತಾಗಿಸಿ, ಮಗುವಿನ ಜ್ವರ ನೋಡುವವನಂತೆ ಕಣ್ಣು ಮುಚ್ಚುತ್ತಿದ್ದ. “ಅವಸರ ಬ್ಯಾಡಲೇ, ಪಟ್ಟಿ ತಾನೇ ಬರ್ತೈತೆ” ಅನ್ನುತ್ತಿದ್ದ.

ಮಿಲ್ಲಿನಲ್ಲಿ ದಾರ ಹರಿದರೆ ಗಂಟು ಹಾಕುತ್ತಿದ್ದೆವು. ಇಲ್ಲಿ ಯಂತ್ರ ನಿಲ್ಲಿಸಬೇಕು. ಒಮ್ಮೆ ಅವನು ನೀರು ಕುಡಿಯಲು ಹೋದಾಗ ಎಳೆಯೊಂದು ತುಂಡಾಯಿತು. ಹಳೆಯ ಚಾಳಿಯಲ್ಲಿ ನಾನು ಗಂಟು ಹಾಕಿಬಿಟ್ಟೆ. ಅದು ಸೀಳಿನಲ್ಲಿ ಸಿಕ್ಕಿ ಎಳೆಗಳೆಲ್ಲ ಕಿತ್ತುಬಂದವು.

“ಗಂಟು ಹಾಕಬ್ಯಾಡ್ರಿ ಅಂತ ಎಷ್ಟು ಸಲ ಹೇಳ್ಬೇಕ್ರಿ?” ಎಂದು ಮಾಲೀಕರು ಅವನನ್ನೇ ಬೈದು, ಯಂತ್ರದ ಕೆಲಸದಿಂದ ಬಿಡಿಸಿ ಪ್ಯಾಕಿಂಗಿಗೆ ಹಾಕಿದರು. ಅವನು ನನ್ನ ಕಡೆ ನೋಡಿದ. ನಾನು ತಲೆ ಬಗ್ಗಿಸಿ ಉಂಡೆ ಜೋಡಿಸತೊಡಗಿದೆ.

ಮಧ್ಯಾಹ್ನ ಬುತ್ತಿ ಬಿಚ್ಚಿ, ಎಂದಿನಂತೆ ರೊಟ್ಟಿ ಮುರಿದು ಕೊಟ್ಟ.

“ತಿನ್ನಲೇ. ಗಂಟು ಮಾತ್ರ ಭಾಳ ಚಂದ ಹಾಕಿದ್ದಿ.”

ವರ್ಷಗಳು ಕಳೆದು ಅವನು ತೀರಿಕೊಂಡ ಮೇಲೆ, ಆ ಗಂಟು ಹಾಕಿದ್ದು ನಾನೇ ಎಂದು ಮಾಲೀಕರಿಗೆ ನಿಜ ಹೇಳಿದೆ.

“ಯಾವ ಗಂಟ್ರೀ?” ಎಂದರು.

ಅವರಿಗೆ ಮರೆತೇ ಹೋಗಿತ್ತು. ಆ ಗಂಟಿನ ಮಾತು ಎತ್ತಿ ನನ್ನನ್ನು ಹಂಗಿಸಲು ಅವನಾದರೂ ಇರಬೇಕಿತ್ತು.