ಮೊದಲು ನೀರು, ಆಮೇಲೆ ಮಾತು

ಸರ್ಕಾರದ ಕೃಷಿ ಸಹಾಯಧನವನ್ನು ರೈತರಿಗೆ ತಲುಪಿಸುವ ಕೆಲಸದಲ್ಲಿ ಒಳ್ಳೆಯ ಹೆಸರು ಗಳಿಸುವುದು ಸುಲಭವಲ್ಲ. ಹಣ ಬಂದರೆ ಕೀರ್ತಿ ಸರ್ಕಾರಕ್ಕೆ, ತಡವಾದರೆ ಬೈಗುಳ ನಮಗೆ. ಇಂಥ ಕಚೇರಿಯಲ್ಲಿ ಇಡೀ ಸೇವಾವಧಿಯನ್ನು ಕಳೆದು, ಜನರ ಬಾಯಲ್ಲಿ 'ನಮ್ಮ ಸಾಹೇಬರು' ಎನಿಸಿಕೊಂಡು, ಈಗ ನಿವೃತ್ತರಾಗುತ್ತಿರುವ ಹಿರಿಯರನ್ನು ಕುರಿತು ಬರೆಯುವ ಭಾಗ್ಯ ನನ್ನದಾಗಿದೆ. ಸಂತೋಷದಿಂದ ಬರೆಯಬೇಕಿತ್ತು, ಆಗುತ್ತಿಲ್ಲ.

ನಾನು ಕಿರಿಯ ಸಹಾಯಕಿಯಾಗಿ ಸೇರಿದಾಗ ಅವರು ಜಮೀನು ಪರಿಶೀಲಿಸುವ ಅಧಿಕಾರಿಯಾಗಿದ್ದರು. ಬಿತ್ತಿದ ನೆಲಕ್ಕೆ ಮಾತ್ರ ಸಹಾಯಧನ ಎಂಬುದು ನಿಯಮ. ಬಿತ್ತಿದ್ದಾರೋ ಇಲ್ಲವೋ ಎಂದು ಹೋಗಿ ನೋಡುವುದು ಅವರ ಕೆಲಸ. ಕೆಸರು ಮೆತ್ತಿದ ಬೂಟುಗಳನ್ನು ಬಾಗಿಲಲ್ಲೇ ಬಿಟ್ಟು, ಕಚೇರಿಯಲ್ಲೆಲ್ಲ ಕಾಲುಚೀಲದಲ್ಲಿ ಓಡಾಡುತ್ತಿದ್ದ ಅವರನ್ನು ಕಂಡು ಮೇಲಧಿಕಾರಿಗಳು ಮೂಗು ಮುರಿದದ್ದುಂಟು. ಮುಂದೆ ಅವರೇ ಮೇಲಧಿಕಾರಿಗಳಾದರು. ಕಾಲುಚೀಲದ ಓಡಾಟ ಮಾತ್ರ ನಿಲ್ಲಲಿಲ್ಲ.

ರೈತರೊಬ್ಬರು ತೀರಿಕೊಂಡರೆ ಅವರ ಹೆಸರಿನ ಸಹಾಯಧನ ನಿಲ್ಲುತ್ತದೆ. ಮನೆಯವರಿಗೆ ಒಂದು ಪತ್ರ ಹಾಕಿ ಕೈತೊಳೆದುಕೊಳ್ಳುವುದು ರೂಢಿ. ಸಾಹೇಬರು ಹಾಗೆ ಪತ್ರ ಹೋಗಲು ಬಿಡುತ್ತಿರಲಿಲ್ಲ. ತಾವೇ ಆ ಮನೆಗೆ ಹೋಗಿ, ಮೊದಲು ಕುಡಿಯಲು ನೀರು ಕೇಳಿ, ತೀರಿಕೊಂಡವರ ಕೈ ಯಾವ ಬೆಳೆಯಲ್ಲಿ ಪಳಗಿತ್ತು ಎಂದು ವಿಚಾರಿಸಿ, ಆಮೇಲೆ ವಿಷಯ ತಿಳಿಸಿ, ವಾರಸುದಾರರ ಅರ್ಜಿಯನ್ನು ಅಲ್ಲೇ ಬರೆದುಕೊಡುತ್ತಿದ್ದರು. ಒಮ್ಮೆ ಜೊತೆಗೆ ಹೋಗಿದ್ದ ನಾನು, "ನೀರಿನ ಬಾಟಲಿ ಜೀಪಲ್ಲೇ ಇತ್ತಲ್ಲ ಸರ್" ಎಂದೆ.

"ಕೂತಲ್ಲೇ ಕೂತಿರ್ತಾರಮ್ಮ, ಪಾಪ. ನೀರು ಕೇಳಿದ್ರೆ ಎದ್ದು ಒಳಗೆ ಹೋಗ್ತಾರೆ. ಅಷ್ಟಕ್ಕಾದ್ರೂ ಏಳಲಿ" ಎಂದರು.

ಕಳೆದ ವರ್ಷ ಅವರ ಪತ್ನಿ ಕಾಯಿಲೆಯಿಂದ ತೀರಿಕೊಂಡರು. ಊರಾಚೆಯ ಜಮೀನು ಆ ತಾಯಿಯ ಹೆಸರಿನಲ್ಲಿತ್ತು. ಬಿತ್ತಿ ಬೆಳೆಯುತ್ತಿದ್ದವರೂ ಅವರೇ. "ಜಮೀನು ನೋಡೋದು ಇವರು, ಮಾಡೋದು ನಾನು" ಎಂದು ನಮ್ಮೆದುರೇ ಗಂಡನನ್ನು ಛೇಡಿಸುತ್ತಿದ್ದರು. ಸಹಾಯಧನದ ಪಟ್ಟಿಯಿಂದ ಅವರ ಹೆಸರನ್ನು ತೆಗೆಯುವ ಆದೇಶ ಸಹಿಗಾಗಿ ಸಾಹೇಬರ ಮೇಜಿಗೇ ಬಂತು. ಬೇರೆಯವರಿಗೆ ವಹಿಸಬಹುದಿತ್ತು, ವಹಿಸಲಿಲ್ಲ. ಸಹಿ ಮಾಡಿ, ಬೂಟು ಹಾಕಿಕೊಂಡು ಮನೆಗೆ ಹೋದರು.

ಮರುದಿನ ನಾನು ಅವರ ಮನೆಗೆ ಹೋದೆ. ಮುಂದಿನ ಕೋಣೆಯ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದರು.

"ಸರ್, ಕುಡಿಯೋಕೆ ಸ್ವಲ್ಪ ನೀರು ಬೇಕಿತ್ತು" ಎಂದೆ.

ನನ್ನನ್ನೇ ನೋಡಿದರು. ಅವರಿಂದಲೇ ಕಲಿತ ಉಪಾಯ ಅವರಿಗೆ ತಿಳಿಯದಿರುತ್ತದೆಯೇ? ಆದರೂ ಎದ್ದರು. ಅಡುಗೆಮನೆಯಲ್ಲಿ ಲೋಟಕ್ಕಾಗಿ ತಡಕಾಡುವ ಸದ್ದು ಬಹಳ ಹೊತ್ತು ಕೇಳಿಸಿತು. ಊರಿನ ಜಮೀನುಗಳನ್ನೆಲ್ಲ ಬಲ್ಲ ಅವರಿಗೆ ತಮ್ಮ ಮನೆಯಲ್ಲಿ ಲೋಟ ಎಲ್ಲಿದೆ ಎಂಬುದು ಗೊತ್ತಿರಲಿಲ್ಲ. ಹೊರಗೆ ಕುಳಿತಿದ್ದ ನನಗೆ ಅಳು ತಡೆಯಲಾಗಲಿಲ್ಲ.

ಅರ್ಜಿಯನ್ನು ನಾನೇ ಬರೆದು ಮುಂದಿಟ್ಟೆ. ಅದನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದರು. "ನಾನು ಬಿತ್ತಿಲ್ವಲ್ಲಮ್ಮ. ಅವಳು ಹೋದ್ಮೇಲೆ ಆ ಕಡೆ ಕಾಲೇ ಇಟ್ಟಿಲ್ಲ. ಬೀಳುಬಿದ್ದ ನೆಲಕ್ಕೆ ಹೇಗೆ ಕೇಳ್ಲಿ?" ಎಂದರು. ಆ ನೆಲ ಇಂದಿಗೂ ಹಾಗೇ ಇದೆ.

ಪೂಜ್ಯರೇ, ತಮಗೆ ದೀರ್ಘಾಯುಷ್ಯ ಕೋರಬೇಕಾದ ಜಾಗ ಇದು. ಆಯುಸ್ಸನ್ನು ಹಾರೈಸುವುದು ಸುಲಭ. ಒಂಟಿಯಾಗಿ ಅದನ್ನು ಕಳೆಯುವ ಕಷ್ಟ ತಮ್ಮದು. ಆದರೂ ಹಾರೈಸುತ್ತೇನೆ. ಈ ಹಂಗಾಮಿನಲ್ಲಿ ಆ ನೆಲದ ಒಂದು ಮೂಲೆಯನ್ನಾದರೂ ಬಿತ್ತಿರಿ. ತಮ್ಮ ಕುರ್ಚಿಗೆ ಬರುತ್ತಿರುವವಳು ನಾನು. ಪರಿಶೀಲನೆಗೆ ಖುದ್ದಾಗಿ ಬರುತ್ತೇನೆ. ಲೋಟ ಎಲ್ಲಿದೆ ಎಂದು ನೋಡಿಟ್ಟುಕೊಂಡಿರಿ.