ಮೂಲೆಯ ಹೀದರ್ ಗಿಡ

ಅಂಗಡಿ ಮುಚ್ಚಿದ ಮೇಲೆ ನಮ್ಮ ಪಕ್ಕದ ಮನೆಯ ಕ್ಷೌರಿಕ ಮಾವನಿಗೆ ಅಂಗಳದ ಹೀದರ್ ಪೊದೆಗಳೇ ಗಿರಾಕಿಗಳು. ಚಳಿಗಾಲದಲ್ಲೂ ಹಸಿರಾಗಿರುವ ಆ ಗಿಡಗಳ ಹೂ ಬಾಡಿದ್ದೇ ತಡ, ಬಾಚಣಿಗೆ ಹಿಡಿದು ಹಳೆಯ ಕತ್ತರಿಯಿಂದ ತುದಿ ಕತ್ತರಿಸುತ್ತಾರೆ. ಗಾಳಿಗೆ ಬಾಗಿದ ಗಿಡವನ್ನು "ತಲೆ ಅಲ್ಲಾಡಿಸ್ಬೇಡ" ಎಂದು ಗದರುತ್ತಾರೆ. ಅವಕ್ಕೆ ನಲ್ಲಿನೀರು ಆಗದು, ಹಿಡಿದಿಟ್ಟ ಮಳೆನೀರೇ ಆಗಬೇಕು. ಬೇಲಿಯಾಚೆ ಯಾರು ನಿಂತರೂ ಒಂದೇ ಪಾಠ: "ಎಳೇ ತುದಿ ಮಾತ್ರ ಕತ್ತರಿಸ್ಬೇಕು. ಬೋಳು ಕಾಂಡಕ್ಕೆ ಕತ್ತರಿ ಹಾಕಿದ್ರೆ ಮತ್ತೆ ಚಿಗುರಲ್ಲ, ಇದೇನು ಕೂದಲಲ್ಲ." ಆದರೂ ದಿನದ ಮೊದಲ ಚೊಂಬು ನೀರು ಮೂಲೆಯಲ್ಲಿ ಬುಡದವರೆಗೆ ಕತ್ತರಿಸಿದ ಗಿಡಕ್ಕೇ. "ಅದು ಸತ್ತಿದೆಯಲ್ಲ ಮಾವ?" ಎಂದೆ. "ಗೊತ್ತು ಕಣಮ್ಮ. ನನಗೆ ಬೆನ್ನುನೋವು ಅಂತ ನಿಮ್ಮತ್ತೆ ತಾನೇ ಕತ್ತರಿಸಿದ್ಳು. ಸಿಟ್ಟಿಗೆ ಒಂದು ವಾರ ಮಾತು ಬಿಟ್ಟೆ. ಅವಳಿಗೆ ಉಳಿದಿದ್ದೇ ಆ ಒಂದು ವಾರ."