ಬಟನ್ ವಾಟಿಯ ಪಾಲಿನ ಆರಡಿ

ವಾಟಿ ಫ್ಲೆಟ್‌ನ ಮನೆಯ ಮುಂದಿನ ಕಿಟಕಿಗೆ ಎರಡು ಗಾಜು. ಎಡಗಾಜಿನ ತುಂಬ ಮಗಳು ಮಾರ್ವೆನ್ ‘ಹೌದು’ ಎಂಬ ಪೋಸ್ಟರ್ ಅಂಟಿಸಿದ್ದಳು. ಬಲಗಾಜಿನ ತುಂಬ ಅವನ ಅಕ್ಕ ಈನಾ ‘ಬೇಡ, ಥ್ಯಾಂಕ್ಸ್’ ಎಂದು ಅಂಟಿಸಿದ್ದಳು. ಸ್ಕಾಟ್ಲೆಂಡ್ ಬೇರೆ ದೇಶವಾಗಬೇಕೋ ಬೇಡವೋ ಎಂದು ಗುರುವಾರ ಮತದಾನ. ಸೋಮವಾರದ ಹೊತ್ತಿಗೆ ಆ ಮನೆಯೊಳಗೆ ಬೆಳಕು ಬರುವುದೇ ಕಷ್ಟವಾಗಿತ್ತು.

ಒಂದು ತಿಂಗಳಿಂದ ಸೋದರತ್ತೆ, ಸೋದರಸೊಸೆ ಇಬ್ಬರೂ ನೇರವಾಗಿ ಮಾತಾಡಿರಲಿಲ್ಲ. ಏನಿದ್ದರೂ ನಡುವೆ ಕುಳಿತ ವಾಟಿಯ ಮೂಲಕ ಹೋಗಬೇಕು.

“ಪಿಂಚಣಿ ಯಾರು ಕೊಡ್ತಾರಂತೆ ಕೇಳು ಅವಳನ್ನ,” ಎಂದಳು ಈನಾ.

“ಈಗ ಬರ್ತಿರೋದೂ ನಮ್ಮ ದುಡ್ಡೇ ಅಂತ ಅತ್ತೆಗೆ ಹೇಳಪ್ಪಾ,” ಎಂದಳು ಮಾರ್ವೆನ್.

ವಾಟಿ ಓಟ್ಸ್ ಗಂಜಿಗೆ ಉಪ್ಪು ಹಾಕಿಕೊಂಡ. ನಲವತ್ತು ವರ್ಷ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊತ್ತವನು. ಆಗ ಬೆನ್ನು ಮಾತ್ರ ನೋಯುತ್ತಿತ್ತು.

“ನಿಂದು ಯಾವ ಕಡೆ ಅಂತ ಇವತ್ತಾದ್ರೂ ಬಾಯಿ ಬಿಡೋ,” ಎಂದಳು ಅಕ್ಕ.

“ನಾನು ಸ್ಮಶಾನದ ಕಡೆ,” ಎಂದು ವಾಟಿ ಕೋಟು ಹಾಕಿಕೊಂಡ. “ಹೊತ್ತಾಯ್ತು.”

ಅದು ಅವನ ಕೆಲಸವೇ. ನಿವೃತ್ತನಾದ ಮೇಲೆ ಪೋರ್ಟ್‌ಕೆಲ್ಡಿಯ ಚರ್ಚಿನ ಸ್ಮಶಾನದ ಬೀಗದ ಕೈ ಅವನ ಜೇಬಿಗೆ ಬಂದಿತ್ತು. ಹುಲ್ಲು ಕತ್ತರಿಸುವುದು, ಬಿದ್ದ ಕಲ್ಲನ್ನು ನಿಲ್ಲಿಸುವುದು, ಬೇಸಿಗೆಯಲ್ಲಿ ಕೆನಡಾ, ಆಸ್ಟ್ರೇಲಿಯಾ ಎಂದು ಎಲ್ಲೆಲ್ಲಿಂದಲೋ ಬರುವವರಿಗೆ ಅವರವರ ಮುತ್ತಜ್ಜಂದಿರನ್ನು ತೋರಿಸುವುದು. ಮೊದಲೆರಡಕ್ಕೆ ಮಂಡಿ ನೋಯುತ್ತಿತ್ತು, ಮೂರನೆಯದಕ್ಕೆ ಮೈಯೆಲ್ಲ.

ಯಾಕೆಂದರೆ ನಮ್ಮೂರಿನವರು ದೋಣಿಗೆ ಹೆಸರಿಡುವಾಗ ತಲೆ ಕೆಡಿಸಿಕೊಳ್ಳುತ್ತಾರೆ, ಮಕ್ಕಳಿಗೆ ಇಡುವಾಗ ಇಲ್ಲ. ಊರಿನ ಮುಕ್ಕಾಲು ಪಾಲು ಫ್ಲೆಟ್‌ಗಳು, ಅವರಲ್ಲಿ ಅರ್ಧ ಜೇಮ್ಸ್‌ಗಳು. ಬೀದಿಯಲ್ಲಿ “ಫ್ಲೆಟ್ ಅವರೇ” ಎಂದರೆ ಐದು ಗಂಡಸರು, ಒಂದು ನಾಯಿ ತಿರುಗಿ ನೋಡುತ್ತವೆ. ಅದಕ್ಕೇ ಪ್ರತಿ ಮನೆತನಕ್ಕೂ ಒಂದು ಅಡ್ಡಹೆಸರು: ಬಟನ್, ಕಿಂಗ್, ಬಕೆಟ್, ಹೀಗೆ. ಪೋಪರ ಹೆಸರೆತ್ತಿದರೆ ಮೂಗು ಮುರಿಯುವ ಪ್ರೊಟೆಸ್ಟೆಂಟ್ ಚರ್ಚಿನ ಊರಲ್ಲಿ ‘ಪೋಪ್’ ಎಂಬ ಮನೆತನವೂ ಇತ್ತು. ವಾಟಿ ಬಟನ್ ಮನೆಯವನು. ಅಡ್ಡಹೆಸರಿಲ್ಲದೆ ಇಲ್ಲಿ ಬದುಕಿರುವವನಿಗೆ ಪತ್ರ ಮುಟ್ಟುವುದಿಲ್ಲ, ಸತ್ತವನಿಗೆ ಮೊಮ್ಮಕ್ಕಳು ಮುಟ್ಟುವುದಿಲ್ಲ. ಕಲ್ಲಿನ ಮೇಲೆ ಅದನ್ನು ಕೆತ್ತಿಸುವ ವಾಡಿಕೆಯಿಲ್ಲದ್ದರಿಂದ, ಯಾರು ಯಾವ ಮನೆತನದವರೆಂಬುದೆಲ್ಲ ವಾಟಿಯ ರಟ್ಟಿನ ನೋಟ್‌ಬುಕ್ಕಿನಲ್ಲಿ ಮಾತ್ರ ಇತ್ತು.

ಗೇಟಿನ ಬಳಿ ಆಗಲೇ ಒಬ್ಬ ನಿಂತಿದ್ದ. ನಮ್ಮೂರಿನ ಗಂಡಸರು ಮದುವೆಗೆ ಬಾಡಿಗೆಗೆ ತರುವ ಕಿಲ್ಟನ್ನು, ಆ ಚೌಕುಳಿ ಲಂಗವನ್ನು, ಆತ ಸೋಮವಾರ ಬೆಳಿಗ್ಗೆಯೇ ಉಟ್ಟಿದ್ದ. ಕಡಲ ಗಾಳಿಗೆ ಮೊಣಕಾಲು ನೀಲಿಯಾಗಿತ್ತು. ಕೈಯಲ್ಲಿ ಒಂದು ಮರದ ಪೆಟ್ಟಿಗೆ.

ಮುಖ ನೋಡುತ್ತಲೇ ವಾಟಿಗೆ ಗುರುತು ಸಿಕ್ಕಿತು.

ರಸ್ಸೆಲ್ ಫ್ಲೆಟ್, ಕೆನಡಾದ ಹ್ಯಾಮಿಲ್ಟನ್‌ನವನು. ಎಂಟು ವರ್ಷದ ಹಿಂದೆ, ಜಡಿಮಳೆಯ ಒಂದು ದಿನ ಬಂದು, ತನ್ನ ಮನೆತನದ ಹಿರಿಯ ಜೇಮ್ಸ್ ಫ್ಲೆಟ್‌ನ ಸಮಾಧಿ ಕೇಳಿದ್ದ. “ಅಡ್ಡಹೆಸರು?” ಎಂದಿದ್ದಕ್ಕೆ “ಹಾಗಂದ್ರೆ?” ಎಂದಿದ್ದ. ಅಲ್ಲಿ ಹನ್ನೊಂದು ಜೇಮ್ಸ್ ಫ್ಲೆಟ್‌ಗಳಿದ್ದರು. ವಾಟಿಯ ಸಾಕ್ಸಿನೊಳಗೆ ನೀರಿಳಿದಿತ್ತು, ಮನೆಯಲ್ಲಿ ಚಹಾ ಆರುತ್ತಿತ್ತು. ಹತ್ತಿರದ ಕಲ್ಲಿಗೆ ಬೆರಳು ತೋರಿಸಿ “ಇದೇ” ಎಂದುಬಿಟ್ಟಿದ್ದ. ಅದು ವಾಟಿಯ ಸ್ವಂತ ಅಜ್ಜನ ಅಜ್ಜ, ಬಟನ್ ಜೇಮ್ಸ್. ರಸ್ಸೆಲ್ ಕಲ್ಲನ್ನು ಅಪ್ಪಿಕೊಂಡು ಅತ್ತಿದ್ದ.

ಎರಡು ವರ್ಷದ ಹಿಂದೆ ಚರ್ಚಿನ ಹಳೆಯ ಪುಸ್ತಕ ತಿರುವುವಾಗ ನಿಜ ಸಿಕ್ಕಿತ್ತು. ರಸ್ಸೆಲ್‌ನ ಹಿರಿಯ, ಮಗನನ್ನು ಕೆನಡಾಕ್ಕೆ ಕಳಿಸಿದ ಜೇಮ್ಸ್, ಪೋಪ್ ಮನೆತನದವನು. ದೋಣಿ ಮಗುಚಿ ಹೋದವನು, ಹೆಣ ಸಿಗಲಿಲ್ಲ. ವಾಟಿ ಮೂರು ಸಲ ಕಾಗದ ಬರೆದ. ಮೂರೂ ಮೇಜಿನ ಡ್ರಾಯರಿನಲ್ಲಿ, ಹಳೆಯ ಬಲ್ಬುಗಳ ಜೊತೆ ಮಲಗಿದ್ದವು.

“ಅಪ್ಪನ್ನ ಕರ್ಕೊಂಡು ಬಂದಿದೀನಿ,” ಎಂದ ರಸ್ಸೆಲ್, ಪೆಟ್ಟಿಗೆಯನ್ನು ಮಗುವಿನಂತೆ ಎದೆಗೆ ಒತ್ತಿಕೊಂಡು. “ಆರ್ಚಿ ಫ್ಲೆಟ್. ಬೂದೀನ ತನ್ನ ಜನರ ಜೊತೆ ಇಡು ಅಂತ ಕೊನೆಗೆ ಕೇಳ್ಕೊಂಡ್ರು. ಆ ಕಲ್ಲಿನ ಫೋಟೋ ಎಂಟು ವರ್ಷ ಅವರ ಹಾಸಿಗೆ ಎದುರಿಗಿತ್ತು.”

ವಾಟಿ ಗೇಟಿನ ಬೀಗದ ಜೊತೆ ಬಹಳ ಹೊತ್ತು ಹೆಣಗಿದ. ಆ ಬೀಗ ಅಷ್ಟು ಹೊತ್ತು ಹಿಡಿಯುವ ಬೀಗವಲ್ಲ.

ದಾರಿಯುದ್ದಕ್ಕೂ ರಸ್ಸೆಲ್ ಮಾತಾಡುತ್ತಲೇ ಇದ್ದ. “ನನ್ನ ರಕ್ತ ಈ ಮಣ್ಣಿಂದು. ಆದ್ರೂ ನನಗೆ ಓಟಿಲ್ಲ. ಬೇಕರೀಲಿ ಒಬ್ಬರು ಸಿಕ್ಕಿದ್ರು, ಪೋಲೆಂಡಿನವರಂತೆ, ಮೀನು ಫ್ಯಾಕ್ಟರೀಲಿ ಕೆಲಸವಂತೆ. ಅವರಿಗೆ ಓಟಿದೆ.”

“ಬೊಜೆನಾ,” ಎಂದ ವಾಟಿ. “ಅವಳು ಇಲ್ಲಿರ್ತಾಳಲ್ಲ. ಅವಳ ಮನೆ ಮುಂದೆ ಚರಂಡಿ ಕಟ್ಟಿಕೊಂಡ್ರೆ ನಮ್ಮ ಮನೆ ಮುಂದೂ ಕಟ್ಟಿಕೊಳ್ಳುತ್ತೆ.”

“ನೀವು ಹೌದು ಅಂತ ಹಾಕ್ತೀರಿ ತಾನೇ?”

“ನೀವೂ ಶುರು ಮಾಡಬೇಡಿ.”

ಬಟನ್ ಕಲ್ಲಿನ ಮುಂದೆ ಇಬ್ಬರೂ ನಿಂತರು. ಕಲ್ಲಿನಲ್ಲಿ ಕೊನೆಗೆ ಕೆತ್ತಿದ್ದ ಹೆಸರು ನೆಟ್ಟಾ, ವಾಟಿಯ ಹೆಂಡತಿ. ಅವಳು ಹೋಗಿ ಹನ್ನೆರಡು ವರ್ಷ. ಅವಳ ಮೇಲೆ ಇನ್ನೊಂದು ಶವಪೆಟ್ಟಿಗೆಗೆ ಜಾಗವಿತ್ತು, ಒಂದೇ ಒಂದು. ಅದು ವಾಟಿಯ ಜಾಗ. ಆ ನೆಲದ ಪತ್ರ ಅವನ ಕೋಟಿನ ಒಳಜೇಬಿನಲ್ಲೇ ಇರುತ್ತಿತ್ತು. ಊರೆಲ್ಲ ‘ಹೌದು’, ‘ಬೇಡ’ ಎಂದು ಕಚ್ಚಾಡುವಾಗ ಇದೊಂದಾದರೂ ತೀರ್ಮಾನವಾಗಿದೆಯಲ್ಲ ಎಂದು ಅವನು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ. ಬೂದಿ ಹೂತ ಕಡೆ ಮತ್ತೆ ಶವಪೆಟ್ಟಿಗೆಗೆಂದು ಅಗೆಯುವಂತಿಲ್ಲ, ಬೂದಿಯ ಪಕ್ಕ ಬೂದಿಯನ್ನಷ್ಟೇ ಇಡಬಹುದು ಎಂದು ಕೌನ್ಸಿಲ್‌ನ ನಿಯಮ. ಅಂದರೆ ಆರ್ಚಿ ಒಳಗೆ ಹೋದರೆ ವಾಟಿ ಹೊರಗೆ.

ನಿಜ ಹೇಳಿದರೆ ತನ್ನ ಜಾಗ ಉಳಿಯುತ್ತದೆ. ಅದೇ ಅವನಿಗೆ ಕಷ್ಟವಾದದ್ದು. ಲಾಭವಿರುವ ನಿಜವನ್ನು ಎರಡು ವರ್ಷ ತಡವಾಗಿ ಹೇಳುವವನ ಮುಖ ಹೇಗಿರಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಇದ್ದ ಮುಖದಲ್ಲೇ ಹೇಳಿದ.

“ರಸ್ಸೆಲ್, ಈತ ನಿಮ್ಮೋನಲ್ಲ. ನಮ್ಮೋನು. ಅವತ್ತು ಮಳೆ ಬರ್ತಿತ್ತು, ನನಗೆ ಮನೆಗೆ ಹೋಗಬೇಕಿತ್ತು. ಅಷ್ಟೇ ಕಾರಣ, ಬೇರೆ ಏನೂ ಇಲ್ಲ.”

ರಸ್ಸೆಲ್ ಕಲ್ಲನ್ನೇ ನೋಡುತ್ತಿದ್ದ. ಬೈಯುತ್ತಾನೆಂದು ವಾಟಿ ಕಾದ. ಬೈದಿದ್ದರೆ ಚೆನ್ನಾಗಿತ್ತು.

“ಹಾಗಾದ್ರೆ ನಮ್ಮೋರೆಲ್ಲಿ?”

ವಾಟಿ ಗೋಡೆಯಾಚೆಯ ಕಡಲಿನ ಕಡೆ ಗಲ್ಲ ಎತ್ತಿ ತೋರಿಸಿದ. ಪೋಪ್ ಜೇಮ್ಸ್‌ನ ಕಥೆಯನ್ನು ನಾಲ್ಕು ಮಾತಿನಲ್ಲಿ ಮುಗಿಸಿದ. “ಬೇಕಿದ್ರೆ ದೋಣಿ ಕೊಡಿಸ್ತೀನಿ. ಅಲ್ಲೇ ಬಿಟ್ಟು ಬರಬಹುದು.”

“ಅಪ್ಪಂಗೆ ನೀರು ಅಂದ್ರೆ ಭಯ,” ಎಂದ ರಸ್ಸೆಲ್. “ನಲವತ್ತು ವರ್ಷ ಸಿಟಿ ಬಸ್ ಓಡಿಸಿದ್ರು. ಕೆರೆ ದಾಟೋ ದೋಣೀನೂ ಹತ್ತಿದವರಲ್ಲ. ವಿಮಾನದಲ್ಲಿ ತರುವಾಗ, ಕೆಳಗೆ ಸಮುದ್ರ ಬಂದಾಗೆಲ್ಲ ಪೆಟ್ಟಿಗೆ ಮೇಲೆ ಕೈಯಿಟ್ಕೊಂಡಿದ್ದೆ.” ಕಿಲ್ಟನ್ನು ಒಮ್ಮೆ ನೋಡಿಕೊಂಡ. “ವಾಪಸ್ ಕರ್ಕೊಂಡು ಹೋಗ್ತೀನಿ ಬಿಡಿ. ನಿಮ್ಮ ಹೊತ್ತು ಹಾಳು ಮಾಡ್ದೆ.”

ಅವನು ಗೇಟಿನ ಕಡೆ ನಡೆದ. ಗಾಳಿಗೆ ಕಿಲ್ಟ್ ಹಾರದಂತೆ ಒಂದು ಕೈ, ಪೆಟ್ಟಿಗೆಗೆ ಇನ್ನೊಂದು ಕೈ, ಕಣ್ಣೊರೆಸಿಕೊಳ್ಳಲು ಮೂರನೆಯದಿಲ್ಲ. ವಾಟಿ ನೆಟ್ಟಾಳ ಹೆಸರನ್ನು ನೋಡಿದ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರ ಊರು, ಮನೆ, ಮಕ್ಕಳನ್ನೆಲ್ಲ ವಿಚಾರಿಸಿ ಇಳಿಯಬೇಕಾದ ಕಡೆ ಇಳಿಯದ ಹೆಂಗಸು. ಹನ್ನೆರಡು ವರ್ಷ ಮಾತಿಗೆ ಯಾರೂ ಇಲ್ಲದೆ ಮಲಗಿದ್ದಳು. ಇನ್ನು ತಾನು ಹೋದರೂ ತಾನು ಮಾತಾಡುವುದು ಅಷ್ಟರಲ್ಲೇ ಇದೆ.

“ನಿಲ್ರೀ,” ಎಂದ. ಮಂಡಿ ಹಿಡಿದುಕೊಂಡು ಕಲ್ಲಿನ ಅಂಚಿಗೆ ಕೂತ. “ಇಲ್ಲೇ ಇಡಿ. ಪತ್ರ ನನ್ನ ಹತ್ರ ಇದೆ, ಸಹಿ ಹಾಕ್ಕೊಡ್ತೀನಿ. ಮೂರು ಗಂಟೆಗೆ ಕೌನ್ಸಿಲ್‌ನೋರನ್ನ ಕರೆಸ್ತೀನಿ.”

“ಇದು ನಿಮ್ಮ ಜಾಗ ಅಲ್ವಾ?”

“ನಾನೂ ಬೂದಿಯಾಗಿ ಬರ್ತೀನಿ. ಹೊರೋರಿಗೂ ಹಗುರ.”

ರಸ್ಸೆಲ್ ಬಾಯಿ ತೆರೆದ. ವಾಟಿ ಕೈಯೆತ್ತಿದ. “ಥ್ಯಾಂಕ್ಸ್ ಅನ್ನಬೇಡಿ. ಅಡ್ಡಹೆಸರು ಹೇಳಿ, ಬರ್ಕೋಬೇಕು. ಆರ್ಚಿ ಫ್ಲೆಟ್ ಇಲ್ಲಿ ಆಗಲೇ ನಾಲ್ಕು ಜನ ಇದಾರೆ. ಇಲ್ದಿದ್ರೆ ಇನ್ನೊಂದು ಎಂಟು ವರ್ಷಕ್ಕೆ ಇನ್ಯಾರೋ ಬಂದು ನಿಮ್ಮಪ್ಪನ್ನ ತಬ್ಬಿಕೊಂಡು ಅಳ್ತಾರೆ.”

“ಪೋಪ್ ಅಲ್ವಾ?”

“ಅದು ಮನೆತನದ್ದು, ಅದನ್ನೂ ಹಾಕ್ತೀನಿ. ಅವರಿಗೆ ಅಂತ ಒಂದು ಬೇಕು. ಡಿಪೋದಲ್ಲಿ ಏನಂತಿದ್ರು?”

“ಸ್ಕಾಟಿ ಅಂತಿದ್ರು.”

ವಾಟಿ ಪೆನ್ಸಿಲನ್ನು ಅಲ್ಲೇ ನಿಲ್ಲಿಸಿದ. “ಅದು ಇಲ್ಲಿ ನಡೆಯಲ್ಲ ಮಾರಾಯ್ರೇ. ಇಲ್ಲಿ ಎಲ್ಲರೂ ಅದೇ. ಗುರುವಾರದವರೆಗಂತೂ ಇನ್ನೂ ಜೋರಾಗಿ.”

ಯೋಚಿಸಿ ಯೋಚಿಸಿ ರಸ್ಸೆಲ್ ಹೇಳಿದ: ಪ್ರತಿ ತಿರುವಿನಲ್ಲೂ, ರಸ್ತೆ ಖಾಲಿಯಿದ್ದರೂ, ಅಪ್ಪ ಹಾರ್ನ್ ಹೊಡೆಯುತ್ತಿದ್ದರು. ಮನೆಯ ಗೇಟಿನೊಳಗೆ ಬರುವಾಗಲೂ.

‘ಆರ್ಚಿ ಫ್ಲೆಟ್, ಪೋಪ್ ಮನೆತನ, ಹಾರ್ನ್’ ಎಂದು ವಾಟಿ ದುಂಡಗೆ ಬರೆದ. ರಸ್ಸೆಲ್ ಬಗ್ಗಿ ಎರಡು ಸಲ ಓದಿದ. ಕಲ್ಲನ್ನು ಈ ಸಲ ಅಪ್ಪಿಕೊಳ್ಳಲಿಲ್ಲ. ಪೆಟ್ಟಿಗೆಯನ್ನು ಹುಲ್ಲಿನ ಮೇಲಿಟ್ಟು ಅದರ ಪಕ್ಕದಲ್ಲೇ ಕುಳಿತ, ಮೂರು ಗಂಟೆಯಾಗುವವರೆಗೂ.

ಸಂಜೆ ಈನಾ ಹೊಗೆಮೀನಿನ ಸಾರು ಬಡಿಸುವಾಗ ವಾಟಿ ಹೇಳಿದ: “ನಾನು ಸತ್ರೆ ಹೂಳಬೇಡಿ, ಸುಡಿ.”

ಈನಾಳ ಸೌಟು ಗಾಳಿಯಲ್ಲೇ ನಿಂತಿತು. ನಾಲ್ಕು ತಲೆಮಾರಿನಲ್ಲಿ ಬಟನ್ ಮನೆಯ ಒಬ್ಬರನ್ನೂ ಸುಟ್ಟಿದ್ದಿಲ್ಲ. ಅವಳು ತಮ್ಮನನ್ನು ಬಿಟ್ಟು ನೇರವಾಗಿ ಮಾರ್ವೆನ್ ಕಡೆ ತಿರುಗಿದಳು.

“ಇವನಿಗೆ ಏನಾಗಿದ್ಯೇ?”

“ನಂಗೇನು ಗೊತ್ತತ್ತೆ. ಬೆಳಿಗ್ಗೆ ಸರಿಯಾಗೇ ಇದ್ರಲ್ಲ.”

“ಎಲ್ಲಿ ಸರಿಯಾಗಿದ್ದ? ಗಂಜಿಗೆ ಎರಡು ಸಲ ಉಪ್ಪು ಹಾಕ್ಕೊಂಡ.”

“ನಾನೂ ನೋಡ್ದೆ. ಡಾಕ್ಟರಿಗೆ ತೋರಿಸೋಣ್ವಾ?”

“ನಾಳೆ ನೀನೇ ಕರ್ಕೊಂಡು ಹೋಗು. ನಾನೂ ಬರ್ತೀನಿ.”

ಅವರಿಬ್ಬರ ಮಾತು ಅವನ ತಲೆಯ ಮೇಲಿಂದ ಆಚೆಗೂ ಈಚೆಗೂ ಹೋಗುತ್ತಿತ್ತು. ಒಂದು ತಿಂಗಳಲ್ಲಿ ಮೊದಲ ಸಲ ವಾಟಿಗೆ ಸಾರು ಬಿಸಿಯಾಗಿರುವಾಗಲೇ ಕುಡಿಯಲು ಬಿಡುವು ಸಿಕ್ಕಿತು.